ಬೆಳ್ಳಿತೆರೆಯ ಸುಳ್ಳು ಸರಕು

ನಾಯಕನು ಕಿಟಕಿಯ ಗಾಜನ್ನು ಒಡೆದುಕೊಂಡು ಹೊರಕ್ಕೆ ನೆಗೆಯುತ್ತಾನೆ. ಖಳನು ಸೀಸೆಯನ್ನೆತ್ತಿ ಅವನ ತಲೆಗೆ ಅಪ್ಪಳಿಸುತ್ತಾನೆ. ಸೀಸೆ ಪುಡಿಪುಡಿಯಾಗುತ್ತದೆ, ಹಣೆಯಿಂದ ರಕ್ತ ಧಾರೆಯಾಗಿ ಇಳಿಯುತ್ತದೆ. ಚಿತ್ರಮಂದಿರದಲ್ಲಿ ಕುಳಿತ ತಾಯಂದಿರು 'ಅಯ್ಯೋ!' ಎಂದು ಕಣ್ಣು ಮುಚ್ಚಿಕೊಳ್ಳುತ್ತಾರೆ. ಆದರೆ ದೃಶ್ಯದ ಚಿತ್ರೀಕರಣ ಮುಗಿದೊಡನೆ ನಾಯಕನೂ ಖಳನೂ ಪಕ್ಕಪಕ್ಕದಲ್ಲಿ ಕುಳಿತು ಕಾಫಿ ಕುಡಿಯುತ್ತಿರುತ್ತಾರೆ. ಇಬ್ಬರ ಮೈಮೇಲೂ ಒಂದು ಗೀರೂ ಇರುವುದಿಲ್ಲ!

ಈ ಮಾಯೆಯನ್ನು ಸಾಧ್ಯಗೊಳಿಸುವ ವಸ್ತುಗಳಿಗೆ ಚಿತ್ರರಂಗದವರು 'ಪ್ರಾಪರ್ಟಿ' ಎನ್ನುತ್ತಾರೆ. ನಾಟಕ ಕಂಪನಿಯ ಸ್ವತ್ತು ಎಂಬ ಅರ್ಥದಲ್ಲಿ ರಂಗಭೂಮಿಯಿಂದ ಬಂದ ಹೆಸರು ಅದು. ನಟರು ಕೈಯಲ್ಲಿ ಹಿಡಿಯುವ, ಬಳಸುವ ವಸ್ತುವೇ ಪರಿಕರ. ಮೇಜಿನ ಮೇಲೆ ಸುಮ್ಮನಿರುವ ಹೂಜಿ ಬರಿಯ ಅಲಂಕಾರ. ನಾಯಕಿ ಅದನ್ನೆತ್ತಿ ನೀರು ಬಗ್ಗಿಸಿದಳೆಂದರೆ ಆ ಕ್ಷಣದಿಂದ ಅದು ಪರಿಕರ.

ಒಂದು ಕತ್ತಿ, ಹಲವು ರೂಪ

ರಾಜಕುಮಾರನು ಚಿತ್ರದುದ್ದಕ್ಕೂ ಒಂದೇ ಕತ್ತಿಯನ್ನು ಝಳಪಿಸುವನೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅವು ಮೂರು ನಾಲ್ಕು ಇರಬಹುದು. ಕ್ಯಾಮರಾ ಹತ್ತಿರ ಬಂದಾಗ ಹಿಡಿಯನ್ನೂ ಕೆತ್ತನೆಯನ್ನೂ ತೋರಿಸಲು ಲೋಹದ ಅಂದವಾದ ಕತ್ತಿ. ಕಾದಾಟಕ್ಕೆ ಮೊನಚಿಲ್ಲದ ಹಗುರವಾದ ಕತ್ತಿ. ಬೀಳುವಾಗ, ಹೊರಳುವಾಗ ಹಿಡಿಯಲು ರಬ್ಬರಿನದು. ದೂರದಲ್ಲಿ ನಿಂತ ನೂರು ಸೈನಿಕರಿಗೆ ಬಣ್ಣ ಬಳಿದ ಮರದವು.

ಒಡೆಯುವ ವಸ್ತುವಾದರೆ ಒಂದೇ ಬಗೆಯವು ಹತ್ತಾರು ಸಿದ್ಧವಿರಬೇಕು. ದೃಶ್ಯವು ಮೊದಲ ಸಲವೇ ನಿರ್ದೇಶಕರಿಗೆ ಒಪ್ಪಿಗೆಯಾಗುವುದೆಂಬ ಭರವಸೆ ಯಾರಿಗಿದೆ?

ಸಕ್ಕರೆಯ ಗಾಜು, ಚಾಕೊಲೇಟಿನ ರಕ್ತ

ಹಿಂದೆ ಒಡೆಯುವ ಗಾಜನ್ನು ಮಾಡುತ್ತಿದ್ದುದು ಸಕ್ಕರೆಯಿಂದ! ಪಾಕವನ್ನು ಗಟ್ಟಿಯಾಗುವ ಹದಕ್ಕೆ ಕುದಿಸಿ, ತೆಳುವಾಗಿ ಹರಡಿ ಆರಿಸಿದರೆ ಗಾಜಿನಂಥ ಹಾಳೆ ದೊರೆಯುತ್ತದೆ. ಅದು ಒಡೆದರೂ ಅಂಚು ಗಾಜಿನಷ್ಟು ಹರಿತವಲ್ಲ. ಆದರೆ ಗಾಳಿಯ ತೇವವನ್ನು ಹೀರಿ, ದೀಪಗಳ ಕಾವಿಗೆ ಅಂಟಂಟಾಗುವುದು ಅದರ ದೋಷ. ಆದ್ದರಿಂದ ಈಗ ಸುಲಭವಾಗಿ ಒಡೆಯುವ ಕೃತಕ ರಾಳವನ್ನು ಬಳಸುತ್ತಾರೆ.

ರಕ್ತದ ಕಥೆ ಇನ್ನೂ ಸ್ವಾರಸ್ಯವಾದುದು. ಹಿಚ್‌ಕಾಕ್ ನಿರ್ದೇಶಿಸಿದ 'ಸೈಕೊ' (1960) ಚಿತ್ರದ ಸ್ನಾನದ ಮನೆಯ ಕೊಲೆಯನ್ನು ಕಂಡು ಬೆಚ್ಚದವರಿಲ್ಲ. ಅಲ್ಲಿ ನೀರಿನೊಡನೆ ಹರಿದುಹೋದದ್ದು ಚಾಕೊಲೇಟಿನ ಪಾಕ! ಕಪ್ಪು ಬಿಳುಪಿನ ಚಿತ್ರವಾದ್ದರಿಂದ ಬಣ್ಣದ ಚಿಂತೆಯಿರಲಿಲ್ಲ. ಸಾಂದ್ರತೆ ಸರಿಯಿದ್ದರೆ ಸಾಕಾಗಿತ್ತು.

ಹಿಮಪಾತಕ್ಕಾಗಿ ಹಾಲಿವುಡ್ಡಿನಲ್ಲಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್ ಉದುರಿಸುವ ರೂಢಿಯಿತ್ತು. ಕಾಲಿಟ್ಟರೆ ಕರಕರ ಸದ್ದು; ಮಾತುಗಳನ್ನೆಲ್ಲ ಮತ್ತೆ ಧ್ವನಿಮುದ್ರಿಸಬೇಕಾಗುತ್ತಿತ್ತು. 'ಇಟ್ಸ್ ಎ ವಂಡರ್‌ಫುಲ್ ಲೈಫ್' (1946) ಚಿತ್ರದವರು ಬೆಂಕಿ ಆರಿಸುವ ನೊರೆಗೆ ಸಾಬೂನು, ನೀರು ಬೆರೆಸಿ ಸದ್ದಿಲ್ಲದ ಹಿಮವನ್ನು ಸುರಿಸಿದರು. ಬೇಸಿಗೆಯ ಸೆಕೆಯಲ್ಲಿ ಹಿಮ ಬಿದ್ದಿತು! ಆದರೆ ಅದಕ್ಕೂ ಮುಂಚೆ, 1939ರ 'ದಿ ವಿಜರ್ಡ್ ಆಫ್ ಓಜ್' ಚಿತ್ರದಲ್ಲಿ ನಟರ ಮೇಲೆ ಸುರಿದ ಹಿಮ ಕಲ್ನಾರಿನದೆಂದು ಹೇಳುತ್ತಾರೆ. ಆ ಪುಡಿ ಶ್ವಾಸಕೋಶಕ್ಕೆ ಎಷ್ಟು ಕೇಡೆಂಬುದನ್ನು ಇಂದು ಎಲ್ಲರೂ ಬಲ್ಲರು.

ಉಣ್ಣುವುದೂ ಒಂದು ಕಷ್ಟ

ತೆರೆಯ ಮೇಲಿನ ಭೋಜನವನ್ನು ಕಂಡು ಬಾಯಲ್ಲಿ ನೀರೂರಬಹುದು. ಆದರೆ ಅದೇ ತುತ್ತನ್ನು ಹತ್ತು ಸಲ ನುಂಗಬೇಕಾದ ನಟನ ಪಾಡು ಏನು? ಪ್ರತಿ ಸಲವೂ ಎಲೆಯಲ್ಲಿ ಅನ್ನ ಅಷ್ಟೇ ಇರಬೇಕು, ಲೋಟದಲ್ಲಿ ಹಾಲು ಅದೇ ಮಟ್ಟಕ್ಕಿರಬೇಕು. ಇಲ್ಲವಾದರೆ ನಾಯಕಿ ಒಂದು ಮಾತಾಡುವಷ್ಟರಲ್ಲಿ ಖಾಲಿ ಲೋಟ ತಾನಾಗಿ ತುಂಬಿಕೊಳ್ಳುತ್ತದೆ! ಕುಡುಕನ ಬಟ್ಟಲಿನಲ್ಲಿರುವುದು ಸಾಮಾನ್ಯವಾಗಿ ಚಹದ ಡಿಕಾಕ್ಷನ್ ಅಥವಾ ಬಣ್ಣದ ಪಾನಕ. ದೀಪದ ಶಾಖಕ್ಕೆ ಕರಗದ ಐಸ್‌ಕ್ರೀಮು ಬೇಕಾದಾಗ ಬೇಯಿಸಿ ಹಿಸುಕಿದ ಆಲೂಗೆಡ್ಡೆಗೆ ಆ ವೇಷ ಹಾಕುವುದೂ ಉಂಟು.

ನೋಟಿನ ಕಂತೆಗಳ ವಿಚಾರದಲ್ಲಿ ಎಚ್ಚರ ಇನ್ನೂ ಹೆಚ್ಚು. ಅಸಲಿನಂತೆ ಕಾಣಬೇಕು, ಆದರೆ ಅಸಲಿನಂತೆ ಚಲಾವಣೆಯಾಗಬಾರದು. ಅಮೆರಿಕದಲ್ಲಿ 'ರಷ್ ಅವರ್ 2' (2001) ಚಿತ್ರಕ್ಕಾಗಿ ಅಚ್ಚು ಮಾಡಿಸಿದ ನೋಟುಗಳಲ್ಲಿ ಕೆಲವು ಅಂಗಡಿಗಳನ್ನು ಸೇರಿ, ಸರ್ಕಾರದ ಅಧಿಕಾರಿಗಳು ಅವನ್ನು ಮುಟ್ಟುಗೋಲು ಹಾಕಿಕೊಂಡರು. ನಮ್ಮ ದೇಶದಲ್ಲಿಯೂ ನೋಟನ್ನು ಹೋಲುವ ಕಾಗದವನ್ನು ತಯಾರಿಸುವುದು ಕಾನೂನಿನ ದೃಷ್ಟಿಯಲ್ಲಿ ಅಪರಾಧ.

ಸುಳ್ಳು ಕೊಂದಾಗ

ಇಷ್ಟೂ ವಿನೋದದ ಮಾತಾಯಿತು. ಸುಳ್ಳು ವಸ್ತುವಿನಲ್ಲಿ ನಿಜ ನುಸುಳಿದರೆ ಆಗುವ ಅನಾಹುತ ಮಾತ್ರ ವಿನೋದವಲ್ಲ.

ಚಿತ್ರಗಳಲ್ಲಿ ಬಂದೂಕಿಗೆ ಎರಡು ಬಗೆಯ ತೋಟಾಗಳನ್ನು ಬಳಸುವುದುಂಟು. ಹತ್ತಿರದಿಂದ ತೋರಿಸುವ ತೋಟಾದಲ್ಲಿ ಗುಂಡು ಇರುತ್ತದೆ, ಮದ್ದು ಇರುವುದಿಲ್ಲ. ಹಾರಿಸುವ ತೋಟಾದಲ್ಲಿ ಮದ್ದು ಇರುತ್ತದೆ, ಗುಂಡು ಇರುವುದಿಲ್ಲ. ಬೇರೆಬೇರೆಯಾಗಿ ಇವೆರಡರಿಂದಲೂ ಪ್ರಾಣಭಯ ಕಡಿಮೆ. ಆದರೆ 1993ರ ಮಾರ್ಚ್ 31ರಂದು 'ದಿ ಕ್ರೋ' ಚಿತ್ರೀಕರಣದಲ್ಲಿ ಎರಡೂ ಒಂದಾದವು. ಮೊದಲೊಮ್ಮೆ ಬಳಸಿದ್ದ ತೋಟಾದ ಮದ್ದನ್ನು ತೆಗೆದಿದ್ದರೂ ಅದನ್ನು ಹೊತ್ತಿಸುವ ಕೇಪು ಉಳಿದಿತ್ತು. ಅದು ಸಿಡಿದಾಗ ಗುಂಡು ನಳಿಕೆಯೊಳಗೆ ಸಿಕ್ಕಿಕೊಂಡಿತು. ಯಾರೂ ನಳಿಕೆಯನ್ನು ಇಣುಕಿ ನೋಡಲಿಲ್ಲ. ಅನಂತರ ಗುಂಡಿಲ್ಲದ ತೋಟಾವನ್ನು ತುಂಬಿ ಹಾರಿಸಿದಾಗ ಅದರ ಮದ್ದು ಸಿಕ್ಕಿಕೊಂಡಿದ್ದ ಗುಂಡನ್ನು ದೂಡಿತು. ಬ್ರೂಸ್ ಲೀಯ ಮಗ, 28 ವರ್ಷದ ಬ್ರ್ಯಾಂಡನ್ ಲೀ ಬಲಿಯಾದ.

ಅಷ್ಟಾದರೂ 2021ರ ಅಕ್ಟೋಬರ್ 21ರಂದು ನ್ಯೂ ಮೆಕ್ಸಿಕೊದಲ್ಲಿ 'ರಸ್ಟ್' ಚಿತ್ರದ ತಾಲೀಮಿನಲ್ಲಿ ರಿವಾಲ್ವರಿನಿಂದ ನಿಜವಾದ ಗುಂಡೇ ಹಾರಿತು. ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಅಸುನೀಗಿದರು, ನಿರ್ದೇಶಕರು ಗಾಯಗೊಂಡರು. ಆಯುಧಗಳ ಹೊಣೆ ಹೊತ್ತಿದ್ದಾಕೆಗೆ 2024ರಲ್ಲಿ 18 ತಿಂಗಳ ಸೆರೆವಾಸದ ಶಿಕ್ಷೆಯಾಯಿತು.

ನಮ್ಮ ನಾಡೂ ಇಂಥ ದುಃಖವನ್ನು ಕಂಡಿದೆ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ದೂರದರ್ಶನ ಧಾರಾವಾಹಿಯ ಚಿತ್ರೀಕರಣ ನಡೆದಿದ್ದಾಗ ಬೆಂಕಿ ಎದ್ದಿತು. ಕ್ಯಾಮರಾದ ಕಣ್ಣಿಗೆ ಅರಮನೆಯಾಗಿ ಕಾಣುವ ಸೆಟ್ಟು ನಿಜದಲ್ಲಿ ಬಟ್ಟೆ, ಮರ, ಬಣ್ಣಗಳ ಕಟ್ಟಡ. ಉರಿಯಲು ಎಷ್ಟು ಹೊತ್ತು ಬೇಕು? 62 ಮಂದಿ ಪ್ರಾಣ ತೆತ್ತರು. ನಾಯಕನೂ ನಿರ್ದೇಶಕನೂ ಆಗಿದ್ದ ಸಂಜಯ್ ಖಾನ್ ತೀವ್ರವಾದ ಸುಟ್ಟಗಾಯಗಳಿಂದ ಬಹುಕಾಲ ನರಳಿದರು.

ಪರಿಕರಗಳನ್ನು ನೋಡಿಕೊಳ್ಳುವವನ ಕೆಲಸ ಸಾಮಾನು ಹೊರುವುದಷ್ಟೇ ಅಲ್ಲ ಎಂಬುದು ಈಗ ಮನವರಿಕೆಯಾಗುತ್ತದೆ. ಪ್ರತಿಯೊಂದನ್ನೂ ಪಟ್ಟಿ ಮಾಡಿ, ಪರೀಕ್ಷಿಸಿ, ನಟರ ಕೈಗಿತ್ತು, ಮರಳಿ ಎಣಿಸಿ ಪಡೆಯುವವನು ಅವನು. ಬಂದೂಕಿನ ವಿಷಯದಲ್ಲಂತೂ ಎಲ್ಲರೆದುರಿಗೆ ತೆರೆದು ತೋರಿಸಿಯೇ ಕೊಡತಕ್ಕದ್ದು. ಅವನು ಚೆನ್ನಾಗಿ ಕೆಲಸ ಮಾಡಿದ ದಿನ ಯಾರಿಗೂ ಅವನ ನೆನಪಾಗುವುದಿಲ್ಲ.

ಮಾಣಿಕ್ಯವಿಲ್ಲದ ಪಾದುಕೆ

ಸುಳ್ಳು ಸರಕಿಗೆ ಬೆಲೆಯುಂಟೆ? 'ವಿಜರ್ಡ್ ಆಫ್ ಓಜ್' ಚಿತ್ರದ ಕೆಂಪು ಪಾದರಕ್ಷೆಗಳ ಕಥೆಯನ್ನು ಕೇಳಿ. ಮೂಲ ಕಾದಂಬರಿಯಲ್ಲಿ ಅವು ಬೆಳ್ಳಿಯವು. ಆಗಿನ ಹೊಸ ಟೆಕ್ನಿಕಲರಿನಲ್ಲಿ ಎದ್ದು ಕಾಣಲೆಂದು ಮಾಣಿಕ್ಯದ ಬಣ್ಣಕ್ಕೆ ಬದಲಾದವು. ಚಿತ್ರಕ್ಕಾಗಿ ಹಲವು ಜೊತೆ ತಯಾರಾಗಿದ್ದವು. ಅವುಗಳಲ್ಲೊಂದನ್ನು 2005ರಲ್ಲಿ ಮಿನೆಸೋಟದ ವಸ್ತುಸಂಗ್ರಹಾಲಯದಿಂದ ಕಳ್ಳನೊಬ್ಬ ಹಾರಿಸಿದ. ಅವುಗಳಲ್ಲಿ ನಿಜವಾದ ರತ್ನಗಳಿವೆಯೆಂದು ಅವನು ನಂಬಿದ್ದನಂತೆ! ಹರಳುಗಳು ಬರಿಯ ಗಾಜೆಂದು ತಿಳಿದೊಡನೆ ಅವನ್ನು ಕೈಬಿಟ್ಟ. 2018ರಲ್ಲಿ ಪಾದರಕ್ಷೆಗಳು ಪತ್ತೆಯಾದವು. 2024ರ ಡಿಸೆಂಬರಿನ ಹರಾಜಿನಲ್ಲಿ ಅವಕ್ಕೆ ದೊರೆತ ಬೆಲೆ, ಶುಲ್ಕವೂ ಸೇರಿ, 3 ಕೋಟಿ 25 ಲಕ್ಷ ಡಾಲರು!

ಯಾವ ಮಾಣಿಕ್ಯವೂ ಇಲ್ಲದ ಒಂದು ಜೊತೆ ಪಾದರಕ್ಷೆ ಅದು. ಕಳ್ಳನು ಹುಡುಕಿದ್ದು ಕಲ್ಲನ್ನು. ಕೊಂಡವರು ಬೆಲೆ ತೆತ್ತದ್ದು ಕಥೆಗೆ.