ಸೋಲಾರ್ ಹೋಯಿತು, ಮುಂದೇನು?

ಪ್ರಶ್ನೆ: ಹಳೆಯ ಸೋಲಾರ್ ವಾಟರ್ ಹೀಟರಿನ ಟ್ಯಾಂಕ್ ಸೋರುತ್ತಿದೆ. ಮತ್ತೆ ಅದನ್ನೇ ಹಾಕಿಸಲೇ, ಹೀಟ್ ಪಂಪ್ ಒಳ್ಳೆಯದೇ? (ಬೆಂಗಳೂರಿನ ಓದುಗರು)

ಉತ್ತರ: ಅಂಗಡಿಗೆ ಹೋಗುವ ಮೊದಲು ತಾರಸಿ ಹತ್ತಿ. ದಕ್ಷಿಣಕ್ಕೆ ಹೊಸ ಕಟ್ಟಡ ಎದ್ದು ಚಳಿಗಾಲದ ಬಿಸಿಲು ತಪ್ಪಿದ್ದರೆ ಸೋಲಾರ್ ದಂಡ. ಬಿಸಿಲಿದ್ದರೆ ಸೋಲಾರೇ ಇರಲಿ. ಬೋರ್‌ವೆಲ್ ನೀರಾದರೆ ಮಾತ್ರ ಎಚ್ಚರ: ಗಡಸು ನೀರಿನ ಸುಣ್ಣದಂಥ ಬಿಳಿ ಪದರ ಒಳಗೆಲ್ಲ ಕಟ್ಟಿಕೊಳ್ಳುತ್ತದೆ, ಬಹುಶಃ ನಿಮ್ಮ ಟ್ಯಾಂಕನ್ನು ತಿಂದದ್ದೂ ಅದೇ ನೀರು.

ಹೀಟ್ ಪಂಪ್ ಗಾಳಿಯಲ್ಲಿನ ಶಾಖವನ್ನೇ ಎಳೆದು ನೀರಿಗೆ ಕೊಡುತ್ತದೆ, ಫ್ರಿಜ್‌ನ ಕೆಲಸ ಉಲ್ಟಾ ಮಾಡಿದಂತೆ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸಲು ಮಾಮೂಲಿ ಗೀಸರ್‌ಗೆ ಸುಮಾರು 3 ಯೂನಿಟ್ ಕರೆಂಟ್ ಬೇಕು. ಬೆಂಗಳೂರಿನ ಹವೆಯಲ್ಲಿ ಹೀಟ್ ಪಂಪಿಗೆ ಒಂದರ ಆಸುಪಾಸು ಸಾಕು. ಬೆಲೆ ಮಾತ್ರ ಜಾಸ್ತಿ. ಮನೆಯಲ್ಲಿ ಇಬ್ಬರೇ ಇದ್ದರೆ ಗೀಸರೇ ಲೇಸು. ಗ್ಯಾಸ್ ಗೀಸರನ್ನಂತೂ ಬಚ್ಚಲೊಳಗೆ ಕೂರಿಸಲೇಬೇಡಿ. ಅದು ಉರಿಯುವಾಗ ಹೊಮ್ಮಬಹುದಾದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ.