ನಾಲ್ಕು ಹುಣಸೆಬೀಜ

ಮಕ್ಕಳೇ, ಮಾರ್ಚ್ ತಿಂಗಳಲ್ಲಿ ನಮ್ಮ ಶಾಲೆಯ ಯಾವ ಹುಡುಗನ ಜೇಬು ತಡಕಿದರೂ ನಾಲ್ಕಾರು ಹುಣಸೆಬೀಜ ಸಿಗುತ್ತವೆ. ನಿಮ್ಮ ಜೇಬಿನಲ್ಲೂ ಇರಬೇಕು, ನೋಡಿಕೊಳ್ಳಿ. ಇಂಗ್ಲೆಂಡಿನ ಕಡೆ ಮಕ್ಕಳು ಓಕ್ ಮರದಡಿ ಬಿದ್ದ ಕಾಯಿ ಆರಿಸಿ ಜೇಬು ತುಂಬಿಕೊಳ್ಳುತ್ತಾರೆ. ಪುಟ್ಟ ಟೋಪಿ ಹಾಕಿಕೊಂಡ ಹಾಗಿರುವ ಕಾಯಿ ಅದು. ನಮ್ಮ ಚಿಲಮತ್ತೂರಿಗೆ ಓಕ್ ಎಲ್ಲಿಂದ ಬರಬೇಕು! ನಮಗೆ ಹುಣಸೆಬೀಜವೇ ಸೈ.

ಹುಣಸೆ ಹಿಂದೂಪುರದ ಮಾರುಕಟ್ಟೆಗೆ ಹೋಗುವ ಮೊದಲು ನಮ್ಮೂರಿನ ಜಗಲಿಗಳ ಮೇಲೆ ಕೂತಿರುತ್ತದೆ. ಕಾಯಿ ಕುಟ್ಟಿ, ಸಿಪ್ಪೆ, ನಾರು, ಬೀಜ ಬೇರೆ ಬೇರೆ ಮಾಡಬೇಕು. ನಮ್ಮಜ್ಜಿ ಕಾಲು ಚಾಚಿಕೊಂಡು ಸಾಯಂಕಾಲದವರೆಗೂ ಇದೇ ಕೆಲಸ ಮಾಡೋಳು. ಹಣ್ಣು ಸಾಹುಕಾರರದು, ಬೀಜ ಮಾತ್ರ ನನ್ನದು. ಅದರಲ್ಲಿ ದಪ್ಪನೆಯ ನಾಲ್ಕನ್ನು ಆರಿಸಿ, ಬಾಗಿಲ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಒಂದೇ ಮಗ್ಗುಲನ್ನು ಉಜ್ಜುತ್ತಿದ್ದಳು. ಕಂದು ಸಿಪ್ಪೆ ಸವೆದು ಒಳಗಿನ ಬಿಳಿ ಕಾಣಬೇಕು. ಚೌಕಾಬಾರದ ದಾಳ ತಯಾರು!

ಉಜ್ಜಿದ ಬೀಜವನ್ನು ಪಕ್ಕದವನ ತೋಳಿಗೆ ಮುಟ್ಟಿಸಿ 'ಚುರ್' ಅನ್ನಿಸಿದ್ದೀರಿ ತಾನೆ? ನಾನೂ ಅನ್ನಿಸಿದ್ದೇನೆ, ಏಟೂ ತಿಂದಿದ್ದೇನೆ. ಕೈಯ ಚಲನೆ ಘರ್ಷಣೆಯಿಂದ ಶಾಖವಾಯಿತು ಎಂದು ನೀವು ಪರೀಕ್ಷೆಯಲ್ಲಿ ಬರೆಯುತ್ತೀರಿ, ಸರಿ. ಆದರೆ ಪಕ್ಕದವನ ತೋಳು ಸುಡುವ ಬೀಜ, ಅದನ್ನು ಹಿಡಿದ ನಿಮ್ಮ ಬೆರಳನ್ನು ಯಾಕೆ ಸುಡೋದಿಲ್ಲ? ಬೀಜ ಮಂದ ಉಷ್ಣವಾಹಕ. ಉಜ್ಜಿದ ಮುಖದ ಶಾಖ ಇನ್ನೊಂದು ಮುಖಕ್ಕೆ ಬೇಗ ದಾಟುವುದಿಲ್ಲ. ಬಾಣಲೆಗೆ ಮರದ ಹಿಡಿ ಹಾಕೋದು ಇದಕ್ಕೇ.

ಆಟಕ್ಕೆ ಬರೋಣ. ನಾಲ್ಕು ಬೀಜ ಎಸೆದಾಗ ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ 4. ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ 8. ನಿಮ್ಮ ತೆಲುಗು ಗೆಳೆಯರಿಗೆ ಇದೇ ಅಷ್ಟಾಚಮ್ಮಾ. ಪ್ರತಿ ಬೀಜಕ್ಕೆ ಎರಡು ಮುಖ. ನಾಲ್ಕು ಬೀಜಕ್ಕೆ 2×2×2×2, ಒಟ್ಟು 16 ಬಗೆ. ಹಾಗಾದರೆ ಬಾರ ಬೀಳುವ ಸಂಭವನೀಯತೆ 16ರಲ್ಲಿ 1. ಇದು ಪುಸ್ತಕದ ಲೆಕ್ಕ. ಉಜ್ಜಿದ ಮುಖ ಚಪ್ಪಟೆ, ಇನ್ನೊಂದು ಉಬ್ಬು, ಅಂದ ಮೇಲೆ ಎರಡೂ ಸಮಸಮವಾಗಿ ಯಾಕೆ ಬಿದ್ದಾವು? ಒಂದು ಬೀಜವನ್ನು 100 ಸಲ ಎಸೆದು ಗೀಟು ಹಾಕಿ ನೋಡಿ. ಬೀಜ ಇಬ್ಬರಿಗೂ ಅವೇ ಆದರೂ ಗೆಲ್ಲುತ್ತಿದ್ದವಳು ಅಜ್ಜಿಯೇ. ಅದಕ್ಕೆ ನನ್ನ ಹತ್ತಿರ ವಿಜ್ಞಾನದ ವಿವರಣೆ ಇಲ್ಲ.

ಆಟ ಬಿಟ್ಟರೂ ಈ ಬೀಜಕ್ಕೆ ಬೇಕಾದಷ್ಟು ಕೆಲಸವಿದೆ. ಹುರಿದು, ಸಿಪ್ಪೆ ತೆಗೆದು, ಅರೆದು ಕುದಿಸಿದರೆ ಅಂಟಿನಂಥ ಗಂಜಿಯಾಗುತ್ತದೆ. ಚಳ್ಳಕೆರೆ ಕಡೆಯ ಕರಿ ಕಂಬಳಿಗೆ ಆ ಬಿಗುವು ಬರುವುದು ಈ ಗಂಜಿಯಿಂದಲೇ. ಇನ್ನೊಂದು ತಮಾಷೆ ಕೇಳಿ. ಅರಬ್ಬರು ಹುಣಸೆಯನ್ನು 'ತಮರ್ ಹಿಂದಿ', ಅಂದರೆ ಭಾರತದ ಖರ್ಜೂರ ಎಂದು ಕರೆದರು. ಮರದ ಮೂಲ ನೆಲ ಮಾತ್ರ ಆಫ್ರಿಕಾ!

ಅಜ್ಜಿ ಈಗಿಲ್ಲ. ಅವಳು ಬಿಡಿಸುತ್ತಿದ್ದ ಹುಣಸೆಯ ಮರವೂ ಇಲ್ಲ, ರಸ್ತೆ ಅಗಲವಾದಾಗ ಹೋಯಿತು. ಅವಳು ಉಜ್ಜಿದ ನಾಲ್ಕು ಬೀಜ ಒಂದು ಪೌಡರ್ ಡಬ್ಬಿಯಲ್ಲಿ ನನ್ನ ಹತ್ತಿರ ಉಳಿದಿದ್ದವು, ಇಪ್ಪತ್ತು ವರ್ಷದ ಮೇಲಾಯಿತು. ಹೋದ ವರ್ಷ 'ಬೀಜ ಮೊಳೆಯುವಿಕೆ' ಪಾಠದ ದಿನ ಡಬ್ಬಿಯನ್ನು ತರಗತಿಗೆ ಒಯ್ದಿದ್ದೆ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಸಾ, ಇವು ಇನ್ನೂ ಮೊಳಿತಾವಾ?"

ಗೊತ್ತಿಲ್ಲ ಅಂದೆ. "ಹಾಗಾದ್ರೆ ನೋಡೋಣ ಸಾ" ಅಂದಳು. ಪ್ರಯೋಗ ಮಾಡಿ ನೋಡಿ ಅಂತ ದಿನಾ ಹೇಳುವವನು ನಾನೇ. ಆದರೂ ಮೂರು ದಿನ ಡಬ್ಬಿ ತೆಗೆಯಲಿಲ್ಲ.

ನಾಲ್ಕನೇ ದಿನ ಒಂದು ಅಜ್ಜಿಯ ಬೀಜ, ಪಕ್ಕದಲ್ಲಿ ಅದೇ ರೀತಿ ಉಜ್ಜಿದ ಈ ವರ್ಷದ ಬೀಜ, ಎರಡನ್ನೂ ಒದ್ದೆ ಬಟ್ಟೆಯಲ್ಲಿ ಇಟ್ಟೆವು. ಸಿಪ್ಪೆ ಸವೆದರೆ ನೀರು ಸುಲಭವಾಗಿ ಒಳಗೆ ಹೋಗುತ್ತದೆ; ತೋಟದವರೂ ಗಟ್ಟಿ ಬೀಜಗಳನ್ನು ಹೀಗೆ ಉಜ್ಜಿ ಬಿತ್ತುತ್ತಾರೆ. ಎರಡೂ ಉಬ್ಬಿದವು. ಎಲ್ಲರೂ ಕುಣಿದರು, ನಾನೂ ಒಳಗೊಳಗೇ. ಎರಡನೇ ವಾರ ಹೊಸದರಿಂದ ಬೇರು ಇಣುಕಿತು. ಅಜ್ಜಿಯದು ಮೆತ್ತಗಾಗಿ ವಾಸನೆ ಬಂತು. ಉಬ್ಬೋದಕ್ಕೆ ಜೀವ ಬೇಕಿಲ್ಲ, ನೀರು ಸಾಕು. ಮೊಳೆಯೋದಕ್ಕೆ ಒಳಗಿನ ಭ್ರೂಣ ಬದುಕಿರಬೇಕು. ಒಣಬೀಜದಲ್ಲೂ ಅದು ತುಂಬಾ ನಿಧಾನವಾಗಿ ಉಸಿರಾಡುತ್ತಿರುತ್ತದೆ, ವರ್ಷ ಕಳೆದಂತೆ ಸೋಲುತ್ತದೆ.

ಅದು ಮೊಳೆತಿದ್ದರೂ ಅದೇ ಹುಳಿ ಸಿಗುವ ಭರವಸೆ ಇರಲಿಲ್ಲ. ಹುಣಸೆ ಹೂವಿಗೆ ಜೇನ್ನೊಣ ಸಾಮಾನ್ಯವಾಗಿ ಬೇರೆ ಮರದ ಪರಾಗ ತರುತ್ತದೆ. ಹಾಗಾಗಿ ಬೀಜದ ಗಿಡ ತಾಯಿಯ ಪಡಿಯಚ್ಚಲ್ಲ. ಅದೇ ರುಚಿ ಬೇಕಿದ್ದರೆ ಆ ಮರದ ಕೊಂಬೆಯಿಂದಲೇ ಕಸಿ ಮಾಡಬೇಕಿತ್ತು, ಮರ ಇದ್ದಾಗ.

ಹೊಸ ಗಿಡ ನೀರಿನ ತೊಟ್ಟಿಯ ಹಿಂದೆ ಮೊಣಕಾಲೆತ್ತರ ಬಂದಿದೆ. ರಾತ್ರಿ ಎಲೆ ಮಡಚುತ್ತದೆ ಅಂತ ಕಾವಲುಗಾರರು ವರದಿ ಕೊಡುತ್ತಾರೆ. ಡಬ್ಬಿಯಲ್ಲಿ ಮೂರೇ ಬೀಜ ಉಳಿದವಲ್ಲ, ಮೂರರಲ್ಲಿ ಚೌಕಾಬಾರ ಆಡೋದು ಹೇಗೆ? ಆ ಹುಡುಗಿಯೇ ಒಂದನ್ನು ಶಾಲೆಯ ಮೆಟ್ಟಿಲಿಗೆ ಉಜ್ಜಿ ತಂದುಕೊಟ್ಟಳು. ಬಣ್ಣ ಸ್ವಲ್ಪ ಗಾಢ, ಬೇಗ ಗುರುತು ಸಿಗುತ್ತದೆ. ಶನಿವಾರ ಮಧ್ಯಾಹ್ನ ಅವಳ ಜೊತೆ ಒಂದಾಟ ಆಡಿದೆ. ಸೋತೆ.