ತಾರಸಿ ತೋಟದಲ್ಲಿ ಪೀಚ್: ಬೀಜ ಮೊಳೆತರೆ ಹಣ್ಣು ಬಿಡುತ್ತದೆಯೇ?

ಪೀಚ್ ಹಣ್ಣು ತಿಂದು ಓಟೆಯನ್ನು ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಮೊಳಕೆ ಬಂದ ಮೇಲೆ ಕುಂಡದಲ್ಲಿ ನೆಡಿ. ಚಳಿ ಬೇಕೆಂದರೆ ವಾರಕ್ಕೊಮ್ಮೆ ಬುಡಕ್ಕೆ ಐಸ್ ತುಂಡು ಹಾಕಿ. ಒಂದೇ ವರ್ಷದಲ್ಲಿ ಮನೆಯಂಗಳದಲ್ಲೇ ಪೀಚ್! ಇಂಥ ವಿಡಿಯೊಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತವೆ. ಕೆಲವದರ ಕೊನೆಯಲ್ಲಿ "ಓಟೆಯೊಳಗಿನ ತಿರುಳನ್ನು ಎಸೆಯಬೇಡಿ, ಅದು ಕ್ಯಾನ್ಸರ್‌ಗೆ ಮದ್ದು" ಎಂಬ ಸಾಲೂ ಇರುತ್ತದೆ. ಈ ಮಾತುಗಳಲ್ಲಿ ನಿಜ ಎಷ್ಟು ಎಂದು ಒಂದೊಂದಾಗಿ ನೋಡೋಣ.

ಹೇಳಿಕೆ 1: ಫ್ರಿಜ್ಜಿನಲ್ಲಿಟ್ಟ ಬೀಜ ಮೊಳೆಯುತ್ತದೆ

ಇದು ನಿಜ. ಪೀಚ್ ಬೀಜಕ್ಕೆ ಮೊಳೆಯುವ ಮುನ್ನ ತೇವದ ಜೊತೆ ತಂಪೂ ಬೇಕು. ಸುಮಾರು 4–5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು-ಮೂರು ತಿಂಗಳು ಇಟ್ಟರೆ ಒಳಗಿನ ತಡೆ ಬಿಟ್ಟು ಬೀಜ ಮೊಳೆಯುತ್ತದೆ. ಫ್ರಿಜ್ಜು ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ.

ವಿಡಿಯೊ ಇಲ್ಲಿಗೆ ನಿಲ್ಲುತ್ತದೆ. ಗೊಂದಲ ಶುರುವಾಗುವುದೂ ಇಲ್ಲಿಂದಲೇ. ಬೀಜಕ್ಕೆ ಚಳಿ ಬೇಕಾದದ್ದು ಒಂದೇ ಸಲ. ಮರಕ್ಕೆ ಪ್ರತಿ ವರ್ಷವೂ ಬೇಕು. ಬೀಜವನ್ನು ಫ್ರಿಜ್ಜಿನಲ್ಲಿಟ್ಟಿದ್ದೆವು ಎಂಬ ಕಾರಣಕ್ಕೆ ಮರದ ಆ ಅಗತ್ಯ ತೀರುವುದಿಲ್ಲ.

ಮರಕ್ಕೆ ಚಳಿ ಏಕೆ ಬೇಕು?

ಪೀಚ್‌ನ ಮೂಲ ಚೀನಾ. ಅದರ ವೈಜ್ಞಾನಿಕ ಹೆಸರಿನಲ್ಲಿ 'ಪರ್ಸಿಕ' ಎಂದಿದ್ದರೂ ಅದು ಪರ್ಷಿಯಾದ ಗಿಡವಲ್ಲ. ಯುರೋಪಿಗೆ ಆ ದಾರಿಯಲ್ಲಿ ಹೋದದ್ದರಿಂದ ಆ ಹೆಸರು ಅಂಟಿಕೊಂಡಿತು. ಹಿಮ ಬೀಳುವ ನಾಡಿನಲ್ಲಿ ಡಿಸೆಂಬರ್‌ನಲ್ಲಿ ಅಪ್ಪಿತಪ್ಪಿ ನಾಲ್ಕು ದಿನ ಬಿಸಿಲು ಬಂತೆಂದು ಹೂಬಿಟ್ಟರೆ ಮರುವಾರದ ಹಿಮಕ್ಕೆ ಹೂವೆಲ್ಲ ಸುಟ್ಟುಹೋಗುತ್ತವೆ. ಹಾಗಾಗಿ ಚಳಿಗಾಲದಲ್ಲಿ ಮರ ಎಲೆ ಉದುರಿಸಿ ಸುಪ್ತಾವಸ್ಥೆಗೆ ಹೋಗುತ್ತದೆ. ಸಾಕಷ್ಟು ಚಳಿ ಕಳೆದ ಮೇಲಷ್ಟೇ ಮೊಗ್ಗುಗಳು ಏಳುತ್ತವೆ.

ಇದರ ಹಿಂದೆ ಜೀನ್‌ಗಳಿವೆ. ಮೆಕ್ಸಿಕೋದಲ್ಲಿ ಎಂದೂ ಸುಪ್ತಾವಸ್ಥೆಗೆ ಹೋಗದ ಪೀಚ್ ಮರಗಳು ಸಿಕ್ಕಿದ್ದವು. ಮೊಗ್ಗುಗಳ ನಿದ್ದೆಗೆ ಸಂಬಂಧಿಸಿದ, ಸಾಲಾಗಿರುವ ಆರು ಜೀನ್‌ಗಳ ಭಾಗದಲ್ಲೇ ಆ ಮರಗಳಲ್ಲಿ ಕೊರತೆ ಇರುವುದನ್ನು ವಿಜ್ಞಾನಿಗಳು ಗುರುತಿಸಿದರು.

ಚಳಿಯನ್ನು ಅಳೆಯುವ ಹಳೆಯ, ಸರಳ ವಿಧಾನ ಹೀಗಿದೆ: ಉಷ್ಣಾಂಶ 7.2 ಡಿಗ್ರಿಗಿಂತ ಕೆಳಗಿದ್ದ ಗಂಟೆಗಳನ್ನು ಎಣಿಸುವುದು. ತಂಪು ನಾಡಿನ ಹಲವು ಪೀಚ್ ತಳಿಗಳಿಗೆ ಒಂದು ಚಳಿಗಾಲದಲ್ಲಿ ಇಂಥ 600ರಿಂದ 1000 ಗಂಟೆ ಬೇಕು.

ಈಗ ಬೆಂಗಳೂರಿನ ಲೆಕ್ಕ ನೋಡಿ. ನಗರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಅಂದರೆ ಈ ಅಳತೆಯ ಪ್ರಕಾರ ಬೆಂಗಳೂರಿನಲ್ಲಿ ಸಿಗುವ ಚಳಿಗಂಟೆ ಸೊನ್ನೆ. ಹೊಸ ಲೆಕ್ಕಾಚಾರಗಳು 9ರಿಂದ 12 ಡಿಗ್ರಿಯ ತಂಪಿಗೂ ಅರ್ಧ ಅಂಕ ಕೊಡುತ್ತವೆ, ನಿಜ. ಆದರೆ ಹಗಲಿನಲ್ಲಿ 18 ಡಿಗ್ರಿ ದಾಟಿದರೆ ಅಂಕ ಕಳೆಯುತ್ತವೆ. ನಮ್ಮ ಡಿಸೆಂಬರ್ ರಾತ್ರಿಗಳು ಸಾಮಾನ್ಯವಾಗಿ 15–16 ಡಿಗ್ರಿ, ಹಗಲು 25ಕ್ಕೂ ಹೆಚ್ಚು. ರಾತ್ರಿ ಕೂಡಿಟ್ಟದ್ದನ್ನು ಹಗಲು ಖರ್ಚು ಮಾಡಿದಂತೆ!

ಹಾಗಾಗಿ ಅಂಗಡಿಯಲ್ಲಿ ಸಿಗುವ ಕಾಶ್ಮೀರದ ಅಥವಾ ವಿದೇಶದ ಪೀಚ್‌ನ ಓಟೆ ನೆಟ್ಟರೆ ಗಿಡ ಹಸಿರಾಗಿ ಬೆಳೆಯಬಹುದು, ಆದರೆ ಚಳಿಯ ಬಯಕೆ ತಾಯಿಮರದಿಂದ ಬಂದಿರುತ್ತದೆ. ಚಳಿ ಸಾಲದಿದ್ದರೆ ಚಿಗುರು ತಡವಾಗುತ್ತದೆ, ಹೂವು ಅಲ್ಲೊಂದು ಇಲ್ಲೊಂದು ಬಿಡುತ್ತದೆ, ಮೊಗ್ಗು ಉದುರುತ್ತದೆ.

ಹೇಳಿಕೆ 2: ಬುಡಕ್ಕೆ ಐಸ್ ಹಾಕಿದರೆ ಸಾಕು

ಇದು ತಪ್ಪು. ಚಳಿಯನ್ನು ಲೆಕ್ಕವಿಡುವುದು ರೆಂಬೆಯ ಮೇಲಿನ ಮೊಗ್ಗು, ಪ್ರತಿ ಮೊಗ್ಗೂ ತನ್ನ ಪಾಲಿಗೆ ತಾನೇ. ಬುಡದಲ್ಲಿ ಕರಗುವ ಐಸ್‌ನ ತಂಪು ಮೇಲಿನ ರೆಂಬೆಗೆ ಮುಟ್ಟುವುದಿಲ್ಲ. ಮುಟ್ಟಿತೆಂದೇ ಇಟ್ಟುಕೊಂಡರೂ ಬೇಕಿರುವುದು ನೂರಾರು ಗಂಟೆ, ಐಸ್ ಇರುವುದು ಅರ್ಧ ಗಂಟೆ.

ಹೇಳಿಕೆ 3: ಒಂದೇ ವರ್ಷದಲ್ಲಿ ಹಣ್ಣು

ಇದೂ ತಪ್ಪು. ಅನುಕೂಲವಾದ ಹವೆಯಲ್ಲೇ ಬೀಜದ ಪೀಚ್ ಗಿಡ ಹಣ್ಣು ಬಿಡಲು ಸಾಮಾನ್ಯವಾಗಿ ಮೂರು-ನಾಲ್ಕು ವರ್ಷ ಹಿಡಿಯುತ್ತದೆ.

ಹಾಗಾದರೆ ಬಿಸಿ ನಾಡಿನಲ್ಲಿ ಪೀಚ್ ಬೆಳೆಯಲಾಗದೇ?

ಕೆಲವು ಕಡೆ ಬೆಳೆಯುತ್ತಾರೆ. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯ 1950ರ ದಶಕದಿಂದ ಕಡಿಮೆ ಚಳಿ ಸಾಕಾಗುವ ತಳಿಗಳನ್ನು ರೂಪಿಸುತ್ತಿದೆ. ಅಲ್ಲಿಂದ ಬಂದ ಫ್ಲೋರ್ಡಾಪ್ರಿನ್ಸ್ ಮತ್ತು ಟ್ರಾಪಿಕ್ ಬ್ಯೂಟಿ ತಳಿಗಳಿಗೆ ಸುಮಾರು 150 ಗಂಟೆ, ಯುಎಫ್ ಸನ್ ತಳಿಗೆ ಸುಮಾರು 100 ಗಂಟೆ ಸಾಕು. ನಮ್ಮ ಪಂಜಾಬಿನ ಬಯಲಲ್ಲಿ ಶಾನ್-ಎ-ಪಂಜಾಬ್ ಎಂಬ ಕಡಿಮೆ ಚಳಿಯ ತಳಿ ಬೆಳೆಯುತ್ತಾರೆ. ದಕ್ಷಿಣದಲ್ಲಿ ನೀಲಗಿರಿ ಮತ್ತು ಕೊಡೈಕೆನಾಲ್ ಬೆಟ್ಟಗಳಲ್ಲಿ ಪೀಚ್, ಪ್ಲಮ್ ಎರಡೂ ಇವೆ.

ಇನ್ನೊಂದು ಉಪಾಯವೂ ಇದೆ. ಇಂಡೋನೇಷ್ಯಾದ ಪೂರ್ವ ಜಾವಾದ ಬಾಟು ಎಂಬಲ್ಲಿ ಸೇಬು ಬೆಳೆಗಾರರು ಕೊಯ್ಲು ಮುಗಿದ ಮೇಲೆ ಮರದ ಎಲೆಗಳನ್ನೆಲ್ಲ ಕೈಯಿಂದ ಕಿತ್ತುಹಾಕುತ್ತಾರೆ. ಮೊಗ್ಗು ಗಾಢ ನಿದ್ದೆಗೆ ಜಾರುವ ಮೊದಲೇ ಮರ ಮತ್ತೆ ಚಿಗುರಿ ಹೂಬಿಡುತ್ತದೆ. ಇದು ಸೇಬಿನ ಕಥೆಯಾದರೂ ಇದೇ ತತ್ತ್ವವನ್ನು ಬಿಸಿ ನಾಡುಗಳಲ್ಲಿ ಪೀಚ್ ಮೇಲೂ ಬಳಸುತ್ತಾರೆ.

ಇಷ್ಟಾದರೂ ಪ್ರಯತ್ನಿಸುವ ಆಸೆಯಿದ್ದರೆ ಇವನ್ನು ಗಮನದಲ್ಲಿಡಿ:

- ಬೀಜ ಬೇಡ, ಕಸಿ ಗಿಡ ತನ್ನಿ. ತಳಿಯ ಹೆಸರು ಮತ್ತು ಅದಕ್ಕೆ ಬೇಕಾದ ಚಳಿಗಂಟೆ ಕೇಳಿ. 'ಆಲ್ ಸೀಸನ್ ಪೀಚ್' ಎಂದಷ್ಟೇ ಹೇಳಿ ತಳಿಯ ಹೆಸರು ಹೇಳದ ಆನ್‌ಲೈನ್ ಮಾರಾಟಗಾರರಿಗೆ ದುಡ್ಡು ಕೊಡಬೇಡಿ.
- ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. ಬುಡದಲ್ಲಿ ನೀರು ನಿಲ್ಲಬಾರದು, ಬೇರು ಕೊಳೆಯುತ್ತದೆ.
- ಪೀಚ್ ಹಣ್ಣು ಬಿಡುವುದು ಹಿಂದಿನ ವರ್ಷ ಬೆಳೆದ ರೆಂಬೆಯ ಮೇಲೆ. ಪ್ರತಿ ವರ್ಷ ಸವರದಿದ್ದರೆ ಫಲ ಕಡಿಮೆಯಾಗುತ್ತದೆ.
- ಕಾಯಿ ಕಚ್ಚಿದರೆ ಸುಮಾರು 15 ಸೆಂ.ಮೀ.ಗೆ ಒಂದರಂತೆ ಉಳಿಸಿ, ಮಿಕ್ಕವನ್ನು ಕಿತ್ತುಬಿಡಿ. ಹಣ್ಣು ನೊಣದಿಂದ ಕಾಪಾಡಲು ಕಾಯಿಗೆ ಕಾಗದದ ಚೀಲ ಕಟ್ಟಬಹುದು.

ಒಂದು ಎಚ್ಚರಿಕೆ. ಮೊಗ್ಗು ಎಬ್ಬಿಸಲು ಹೈಡ್ರೋಜನ್ ಸಯನಮೈಡ್ ಎಂಬ ರಾಸಾಯನಿಕ ಇದೆ. ವಿಜಯಪುರದ ಕಡೆ ದ್ರಾಕ್ಷಿ ಬೆಳೆಗಾರರು ಚಾಟ್ನಿ ಮಾಡಿದ ಮೇಲೆ ಕಡ್ಡಿಗೆ ಹಚ್ಚುವುದು ಇದನ್ನೇ. ಇದು ವಿಷಕಾರಿ. ಮೈಗೆ ತಾಗಿದ ಆಸುಪಾಸಿನಲ್ಲಿ ಮದ್ಯ ಸೇವಿಸಿದರೆ ತೀವ್ರ ತೊಂದರೆಯಾಗುತ್ತದೆ. ಮನೆ ತೋಟಕ್ಕೆ ಇದನ್ನು ತರಲೇಬೇಡಿ.

ಹೇಳಿಕೆ 4: ಓಟೆಯ ತಿರುಳು ಕ್ಯಾನ್ಸರ್‌ಗೆ ಮದ್ದು

ಇದು ತಪ್ಪಷ್ಟೇ ಅಲ್ಲ, ಅಪಾಯಕಾರಿ. ಪೀಚ್ ತಿರುಳಿನಲ್ಲಿ ಅಮಿಗ್ಡಲಿನ್ ಎಂಬ ಅಂಶವಿದೆ. ಅಗಿದು ನುಂಗಿದಾಗ ಅದು ಒಡೆದು ಸಯನೈಡ್ ಬಿಡುಗಡೆಯಾಗುತ್ತದೆ. ಇದನ್ನೇ 'ವಿಟಮಿನ್ ಬಿ-17' ಎಂದು ಕರೆದು ಹಬ್ಬಿಸುತ್ತಾರೆ, ಆದರೆ ಅದು ವಿಟಮಿನ್ ಅಲ್ಲ. ಅಮಿಗ್ಡಲಿನ್ ಅನ್ನು ಅಮೆರಿಕದಲ್ಲಿ 178 ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ಪರೀಕ್ಷಿಸಲಾಗಿತ್ತು. 1982ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ರೋಗ ಗುಣವಾಗಲಿಲ್ಲ, ಆಯುಷ್ಯವೂ ಹೆಚ್ಚಲಿಲ್ಲ. ಕೆಲವರಲ್ಲಿ ಸಯನೈಡ್ ವಿಷದ ಲಕ್ಷಣಗಳು ಕಂಡವು.

ಬೀಜ ಮೊಳೆಸಲು ಓಟೆ ಒಡೆಯುವಾಗ ಪಕ್ಕದಲ್ಲಿ ಮಕ್ಕಳಿದ್ದರೆ ಜೋಪಾನ. ತಿರುಳು ನೋಡಲು ಬಾದಾಮಿಯಂತೆಯೇ ಇರುತ್ತದೆ. ಯಾರಾದರೂ ತಿಂದು ತಲೆನೋವು, ತಲೆಸುತ್ತು, ವಾಂತಿ, ಉಸಿರಾಟದ ತೊಂದರೆ ಕಂಡರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇಂಥ ಸಂದೇಶ ನಂಬಿ ಔಷಧ ನಿಲ್ಲಿಸಬಾರದು.

ಒಟ್ಟಿನಲ್ಲಿ

ಫ್ರಿಜ್ಜಿನಲ್ಲಿಟ್ಟ ಬೀಜ ಮೊಳೆಯುತ್ತದೆ ಎಂಬುದಷ್ಟೇ ನಿಜ. ಒಂದು ವರ್ಷದಲ್ಲಿ ಹಣ್ಣು, ಐಸ್‌ನಿಂದ ಚಳಿ, ತಿರುಳಿನಿಂದ ಕ್ಯಾನ್ಸರ್ ವಾಸಿ, ಈ ಮೂರೂ ಸುಳ್ಳು. ಚಿಗುರಿದ ಗಿಡ ನೋಡುವ ಖುಷಿಗೆ ಬೀಜ ಹಾಕಿದರೆ ತಪ್ಪೇನಿಲ್ಲ. ಹಣ್ಣೇ ಬೇಕೆಂದರೆ ಅದೇ ಜಾಗದಲ್ಲಿ ಅಂಜೂರ, ಸೀಬೆ, ದಾಳಿಂಬೆ ಹಾಕಿ. ಅವಕ್ಕೆ ನಮ್ಮ ಬಿಸಿಲು ಸಾಕು. ಆ ವಿಡಿಯೊ ನಿಮ್ಮ ಗುಂಪಿಗೂ ಬಂದಿದ್ದರೆ, ಮುಂದೆ ಕಳಿಸುವ ಮುನ್ನ ತಿರುಳಿನ ವಿಷಯವನ್ನಾದರೂ ಗುಂಪಿನಲ್ಲಿ ತಿಳಿಸಿ.